ಒಂದು ರಸ್ತೆಗೆ ಎರಡು ವರದಿ

“ಗಾಡಿ ಓಡಿಸೋದು ಯಾರು ಮೇಡಂ?”

ನಾನು ಕೇಳಿದ್ದು ಅದಲ್ಲ. ನಿಮ್ಮ ಊರಿಗೆ ಬರುವ ರಸ್ತೆ ಈಗ ಹೇಗಿದೆ ಅಂತ ಕೇಳಿದ್ದೆ, ಅಷ್ಟೇ. ಚೆನ್ನಾಗಿದೆ, ಚೆನ್ನಾಗಿಲ್ಲ, ಪರವಾಗಿಲ್ಲ. ಇದರಲ್ಲಿ ಯಾವುದಾದರೂ ಒಂದನ್ನು ಹೇಳಿ ಫೋನ್ ಇಡಬಹುದಿತ್ತು. ಆದರೆ ಆಂಧ್ರದ ಸೂಳ್ಳೂರುಪೇಟೆಯ ಆ ಲಾಡ್ಜಿನ ಮ್ಯಾನೇಜರಿಗೆ ರಸ್ತೆಗಿಂತ ಮೊದಲು ಡ್ರೈವರ್ ಬೇಕಾಗಿತ್ತು. ಒಳ್ಳೆಯ ತೆಲುಗಿನಲ್ಲಿ, ಬಹಳ ವಿನಯದಿಂದಲೇ ಕೇಳಿದರು.

“ನಾನೇ ಓಡಿಸ್ತೀನಿ” ಅಂದೆ.

ಅವರು ತಕ್ಷಣ ಹೇಳಿದರು: “ಹಾಗಾದ್ರೆ ರೋಡು ಸ್ವಲ್ಪ ಕಷ್ಟ ಮೇಡಂ.”

ಆ “ಹಾಗಾದ್ರೆ” ಇದೆಯಲ್ಲ, ಅದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅಲ್ಲಿಯವರೆಗೆ ರಸ್ತೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು. ನಾನು ಓಡಿಸುತ್ತೇನೆ ಅಂದ ಕೂಡಲೇ ಅದಕ್ಕೆ ಏನೋ ಆಗಿಬಿಟ್ಟಿತು!

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಕಾರು ಗೊತ್ತು. ಹಳೆಯ ಬಿಳಿ ಪುಟ್ಟ ಕಾರು, ಎಡಗಡೆ ಬಾಗಿಲು ಎರಡು ಸಲ ಎಳೆದರೆ ಮಾತ್ರ ಹಾಕಿಕೊಳ್ಳುತ್ತದೆ. ಶಿಡ್ಲಘಟ್ಟದ ನನ್ನ ಜೆರಾಕ್ಸ್ ಅಂಗಡಿಗೆ ಪೇಪರ್ ಬಂಡಲ್ ತರುವುದು ಅದರಲ್ಲೇ. ಮಂಚೇನಹಳ್ಳಿಯ ತಂಗಿ ಮನೆಗೆ ಹೋಗುವುದು, ಚಿಕ್ಕಬಳ್ಳಾಪುರದಲ್ಲಿ ಕಣ್ಣಿನ ಡಾಕ್ಟರರನ್ನು ನೋಡುವುದು, ಚಿಂತಾಮಣಿಯ ಟೊಮೆಟೊ ಲಾರಿಗಳ ನಡುವೆ ನುಗ್ಗಿ ಮದುವೆಗೆ ಹೋಗುವುದು, ಎಲ್ಲ ಅದರಲ್ಲೇ. ಓಡಿಸುವವಳು ನಾನೇ. ಆಗೆಲ್ಲ ರಸ್ತೆಗೆ ಏನೂ ಆಗಿರಲಿಲ್ಲ.

ಈ ಸಲ ಹೋಗಬೇಕಾಗಿದ್ದು ಸ್ವಲ್ಪ ದೂರ. ಆ ಸೂಳ್ಳೂರುಪೇಟೆಯ ಪಕ್ಕದ ಪುಲಿಕಾಟ್ ಸರೋವರ. ಸಮುದ್ರ ಒಳಗೆ ನುಗ್ಗಿ ನಿಂತುಬಿಟ್ಟ ಉಪ್ಪುನೀರಿನ ವಿಶಾಲವಾದ ಕೊಳ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ, ಬಿಸಿಲು ಜೋರಾದಂತೆ ಹೊರಟುಹೋಗುತ್ತವೆ. ನನಗೆ ಹಕ್ಕಿಗಳ ಹುಚ್ಚೇನೂ ಇಲ್ಲ. ಅಲ್ಲಿಗೆ ಹೋಗಲೇಬೇಕು ಅಂದಿದ್ದು ನಮ್ಮ ಪಕ್ಕದ ಮನೆಯ ಶಮೀಮ್.

ಶಮೀಮಳ ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ ಇದೆ. ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ಅವಳೇ. ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಗಂಡಸರ ಮಧ್ಯೆ ನಿಂತು ಗೂಡು ಕೊಂಡು ತರುತ್ತಾಳೆ. (ಆ ಗೂಡು ಬೇಯಿಸುವ ವಾಸನೆಗೆ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದಿಲ್ಲದಿದ್ದರೆ ಊರಿಗೇ ಏನೋ ಆಗಿದೆ ಅನ್ನಿಸುತ್ತದೆ.) ಅವಳಿಗೆ ಇರುವುದು ಒಬ್ಬಳೇ ಮಗಳು, ನಾಜಿಯಾ. ಎಂಎಸ್ಸಿ ಮುಗಿಸಿದ ಹುಡುಗಿ ಈಗ ಆ ಕೊಳದ ನಡುವಿನ ಒಂದು ಮೀನುಗಾರರ ಹಳ್ಳಿಯಲ್ಲಿ ಉಳಿದುಕೊಂಡು ಹಕ್ಕಿ ಎಣಿಸುವ ಕೆಲಸ ಮಾಡುತ್ತಾಳೆ. (ಹಳ್ಳಿಯ ಹೆಸರು ಬೇಡ. ಅವಳು ಅಲ್ಲಿ ಇನ್ನೂ ಕೆಲಸ ಮಾಡಬೇಕು.)

“ಅಷ್ಟು ಓದಿ ಹಕ್ಕಿ ಎಣಿಸ್ತಾಳಾ?” ಅಂತ ನಮ್ಮ ಬೀದಿಯಲ್ಲಿ ಕೇಳದವರಿಲ್ಲ. “ನೀವೂ ದಿನಾ ನೋಟು ಎಣಿಸ್ತೀರಲ್ಲ, ಏನ್ ಓದಿದ್ದೀರಿ?” ಅಂತ ಶಮೀಮ್ ವಾಪಸ್ ಕೇಳುತ್ತಾಳೆ. ಹಾಗಾಗಿ ಎರಡನೇ ಸಲ ಯಾರೂ ಕೇಳುವುದಿಲ್ಲ.

ಈ ವರ್ಷದ ರಂಜಾನ್ ಈದ್ ಮಾರ್ಚಿನಲ್ಲಿ ಬಂತು. ಹಕ್ಕಿಗಳು ಹೊರಡುವ ಕಾಲವೂ ಅದೇ. ಹೊರಡುವ ಮೊದಲು ಅವನ್ನು ಎಣಿಸಲೇಬೇಕು, ಆದ್ದರಿಂದ ನಾಜಿಯಾಗೆ ರಜೆ ಇಲ್ಲ. “ಪರವಾಗಿಲ್ಲ ಅಮ್ಮೀ, ಇಲ್ಲೇ ಏನಾದ್ರೂ ತಿಂತೀನಿ” ಅಂದಳಂತೆ ಫೋನಿನಲ್ಲಿ. ಶಮೀಮ್ ನನ್ನ ಅಂಗಡಿಗೆ ಬಂದು ಜೆರಾಕ್ಸ್ ಮೆಷಿನ್ನಿಗೆ ಒರಗಿ ನಿಂತಳು.

“ಸುಮಕ್ಕಾ, ಅವಳು ‘ಪರವಾಗಿಲ್ಲ’ ಅಂದ ಧ್ವನಿ ನೀನು ಕೇಳಿಲ್ಲ. ಹುಟ್ಟಿದಾಗಿಂದ ಒಂದ್ ಈದೂ ನನ್ನ ಬಿಟ್ಟು ಇದ್ದೋಳಲ್ಲ. ಅಲ್ಲಿ ಅವಳೊಬ್ಬಳೇ, ಇಲ್ಲಿ ನಾನೊಬ್ಬಳೇ. ಯಾರ್ಗೆ ಅಂತ ಶೀರ್ ಖುರ್ಮಾ ಮಾಡ್ಲಿ?”

ಶೀರ್ ಖುರ್ಮಾ ಅಂದರೆ ಹಾಲು, ಶಾವಿಗೆ, ಖರ್ಜೂರ, ತುಪ್ಪದಲ್ಲಿ ಹುರಿದ ದ್ರಾಕ್ಷಿ ಗೋಡಂಬಿ. ಪ್ರತಿ ಈದಿಗೂ ನಮ್ಮ ಮನೆಗೆ ಒಂದು ದೊಡ್ಡ ಡಬ್ಬಿ ಬರುತ್ತದೆ. ಆ ಡಬ್ಬಿಯ ಋಣ ಬಹಳ ಹಳೆಯದು.

“ನಡಿ, ಹೋಗಿ ಕೊಟ್ಟು ಬರಣ” ಅಂದೆ. ಬಹಳ ಸುಲಭವಾಗಿ ಅಂದುಬಿಟ್ಟೆ.

ಇಷ್ಟಾದ ಮೇಲೆ ಶುರುವಾಯಿತು ರಸ್ತೆ ವಿಚಾರಣೆ. ಗೊತ್ತಿಲ್ಲದ ದಾರಿ, ಹೋಗುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು ಅಲ್ಲವೇ? ಮೊಬೈಲಿನ ಮ್ಯಾಪು ಒಂದು ನೀಲಿ ಗೆರೆ ಎಳೆದು ತೋರಿಸಿತು. ಚಿಂತಾಮಣಿ, ಮದನಪಲ್ಲಿ, ಪೀಲೇರು, ತಿರುಪತಿ, ಕಾಳಹಸ್ತಿ, ಆಮೇಲೆ ಕೊಳ. ಗೆರೆಯಲ್ಲಿ ಗುಂಡಿ ಕಾಣುವುದಿಲ್ಲ. ಅದಕ್ಕೇ ಮನುಷ್ಯರನ್ನು ಕೇಳಿದೆ.

ಮೊದಲು ಸಿಕ್ಕವರು ನಂಜುಂಡಪ್ಪನವರು. ನಮ್ಮ ಯಜಮಾನರ ವಾಕಿಂಗ್ ಗೆಳೆಯರು. ಇಂಡಿಯಾದ ಯಾವ ರಸ್ತೆಯ ಬಗ್ಗೆ ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಅಂಗಡಿಗೆ ಆಧಾರ್ ಜೆರಾಕ್ಸಿಗೆ ಬಂದಿದ್ದರು. ಪುಲಿಕಾಟ್ ಅಂದ ತಕ್ಷಣ ಕಣ್ಣು ಮುಚ್ಚಿಕೊಂಡರು.

“ಅಯ್ಯೋ ಮೇಡಂ! ಆ ರೋಡಾ? ಮದನಪಲ್ಲಿ ದಾಟಿದ್ರೆ ಬರೀ ಲಾರಿ. ಪೀಲೇರು ಹತ್ರ ಒಂದ್ ಗುಂಡಿ ಐತೆ ನೋಡಿ, ಎಮ್ಮೆ ಮಲಗ್‌ಬೋದು ಅದ್ರಲ್ಲಿ. ಲೇಡೀಸ್ ಎಲ್ಲ ಹೋಗೋ ರೋಡಲ್ಲ ಅದು.”

“ನೀವು ಯಾವಾಗ ಹೋಗಿದ್ರಿ ಸಾರ್?”

“ನಾವು ನೋಡ್ದೇ ಇರೋ ರೋಡಾ ಮೇಡಂ?” ಅಂತ ನಕ್ಕು, ಆಧಾರ್ ಜೇಬಿಗಿಟ್ಟುಕೊಂಡು ಹೋದರು. ಉತ್ತರ ಬಂದ ಹಾಗಿತ್ತು, ಬಂದಿರಲಿಲ್ಲ.

ಆಮೇಲೆ ಲಾಡ್ಜಿನವರು. ಅದು ಆಗಲೇ ಹೇಳಿದೆ. ಆಮೇಲೆ ಶಮೀಮಳ ಅಣ್ಣ. ಅವರು ಸ್ವಂತ ತಂಗಿಗೆ ಹೇಳಿದ್ದು: “ಆ ರಸ್ತೆ ಸರಿ ಇಲ್ಲಮ್ಮ. ಮುಂದಿನ ತಿಂಗಳು ನಾನೇ ಕರ್ಕೊಂಡ್ ಹೋಗ್ತೀನಿ.”

“ಮುಂದಿನ ತಿಂಗಳು ಈದ್ ಇರತ್ತಾ ಭಾಯಿಜಾನ್?”

ಭಾಯಿಜಾನ್ ಅದಕ್ಕೂ ರಸ್ತೆ ಸರಿ ಇಲ್ಲ ಎಂದೇ ಉತ್ತರ ಕೊಟ್ಟರು.

ನಾಜಿಯಾಳನ್ನೇ ಕೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. “ಅವಳನ್ನ ಕೇಳಿದ್ರೆ ಬೇಡ ಅಮ್ಮೀ ಅಂತಾಳೆ. ಬೇಡ ಅಂದ್ಮೇಲೆ ಹೆಂಗೆ ಹೋಗೋದು?” ಅಂದಳು ಶಮೀಮ್. ಅದೂ ಸರಿಯೇ.

ಹಬ್ಬ ಹತ್ತಿರ ಬಂತು. ನಮಗೆ ತಿಳಿಯದೆ ಉಳಿದಿದ್ದು ಎರಡು ಸಂಗತಿ. ಒಂದು ಚಂದ್ರ, ಇನ್ನೊಂದು ರಸ್ತೆ. ಚಂದ್ರ ಯಾವ ಸಂಜೆ ಕಾಣುತ್ತಾನೋ ಅದರ ಮರುದಿನ ಈದ್. ಆದರೆ ಚಂದ್ರನ ವಿಷಯದಲ್ಲಿ ಒಂದು ಸಮಾಧಾನ ಇದೆ. ಅವನು ಕಂಡರೆ ಎಲ್ಲರಿಗೂ ಕಾಣುತ್ತಾನೆ. ನೋಡುತ್ತಿರುವುದು ಯಾರು ಅಂತ ಕೇಳಿಕೊಂಡು ಕಾಣಿಸಿಕೊಳ್ಳುವುದಿಲ್ಲ.

ನಾನು ಆಸೆ ಬಿಟ್ಟಿದ್ದೆ. ಎಲ್ಲರೂ ಕೆಟ್ಟ ರಸ್ತೆ ಅನ್ನುವಾಗ ಒಬ್ಬ ತಾಯಿಯನ್ನು ಕೂರಿಸಿಕೊಂಡು ಹೋಗಿ ಏನಾದರೂ ಹೆಚ್ಚುಕಮ್ಮಿಯಾದರೆ? ಶಮೀಮಳಿಗೆ ಇದನ್ನು ಹೇಳಲು ಹೋದೆ. ಅವಳು ಶೆಡ್ಡಿನ ಬಾಗಿಲಲ್ಲಿ ಕೂತು, ಅವತ್ತು ತಂದ ಗೂಡಿನ ಕ್ರೇಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದ್ದಳು. ತಳದಿಂದ ಒಂದು ಹಿಡಿ ಗೂಡು ಎತ್ತಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ಹುಳು ಗಟ್ಟಿಯಾಗಿ ಲಟಲಟ ಅಂದರೆ ಒಳ್ಳೆಯ ಗೂಡು. ಸದ್ದಿಲ್ಲದಿದ್ದರೆ ಒಳಗೆ ಕೊಳೆತಿದೆ ಅಂತ. ಮಾರುಕಟ್ಟೆಗೆ ಬರುವವರೆಲ್ಲ ಹೀಗೇ ಮಾಡುತ್ತಾರೆ. ಲಾಟಿನ (ಹರಾಜಿಗೆ ಇಟ್ಟ ರಾಶಿಯ) ಮೇಲೆ ಇರುವ ಗೂಡನ್ನು ನಮ್ಮ ಊರಲ್ಲಿ ಯಾರೂ ನಂಬುವುದಿಲ್ಲ. ಮೇಲೆ ಜೋಡಿಸುವುದೇ ಚೆನ್ನಾಗಿರುವುದನ್ನು.

ನಾನು ಎಲ್ಲರ ರಸ್ತೆ ವರದಿಯನ್ನೂ ಇನ್ನೊಮ್ಮೆ ಒಪ್ಪಿಸಿದೆ. ಅವಳು ಗೂಡು ಅಲ್ಲಾಡಿಸುವುದನ್ನು ನಿಲ್ಲಿಸಿದಳು.

“ಸುಮಕ್ಕಾ, ಇವರೆಲ್ಲ ನಿನಗೆ ಹೇಳಿದ್ದು ಮೇಲಿನ ಗೂಡು. ತಳದಿಂದ ತೆಗೆದು ನೋಡಿದ್ಯಾ?”

“ಅಂದ್ರೆ?”

“ಮೇಷ್ಟ್ರ ಕೈಲಿ ಫೋನ್ ಮಾಡ್ಸು. ಅದೇ ಜನಕ್ಕೆ, ಅದೇ ಮಾತು ಕೇಳ್ಲಿ. ಸ್ಪೀಕರ್ ಹಾಕು. ನಾನೂ ಕೇಳ್ತೀನಿ.”

ಮೇಷ್ಟ್ರು ಅಂದರೆ ನಮ್ಮ ಯಜಮಾನರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರ ಬಗ್ಗೆ ಇನ್ನೊಂದು ಮುಖ್ಯ ಮಾಹಿತಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಸಂಜೆ ಕಾಫಿ ಕುಡಿದು ಒಳ್ಳೆಯ ಮೂಡಿನಲ್ಲಿದ್ದರು. ಮೊದಲು ನಂಜುಂಡಪ್ಪನವರಿಗೆ ಫೋನ್ ಮಾಡಿಸಿದೆವು.

“ನಂಜುಂಡಪ್ಪ, ಪುಲಿಕಾಟ್‌ಗೆ ಹೋಗೋ ರೋಡ್ ಹೆಂಗೈತಪ್ಪ?”

“ಬೆಣ್ಣೆ ಮೇಷ್ಟ್ರೇ! ಬೆಣ್ಣೆ ಅಂದ್ರೆ ಬೆಣ್ಣೆ. ಒಂದ್ ಕೈಯಲ್ಲಿ ಸ್ಟೇರಿಂಗ್ ಹಿಡ್ಕೊಂಡು ಹೋಗ್‌ಬೋದು. ಹೊರಟಿದ್ದೀರಾ? ಹೋಗ್ಬನ್ನಿ, ಹೋಗ್ಬನ್ನಿ.”

ಶಮೀಮ್ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕೈಸನ್ನೆ ಮಾಡಿ ಎಮ್ಮೆಯನ್ನು ನೆನಪಿಸಿದೆ. ಮೇಷ್ಟ್ರು ಕೇಳಿದರು, “ಪೀಲೇರು ಹತ್ರ ಎಮ್ಮೆ ಮಲಗೋ ಅಂಥ ಗುಂಡಿ ಇದೆ ಅಂದ್ಯಂತೆ?”

ನಂಜುಂಡಪ್ಪನವರು ಒಂದು ಕ್ಷಣವೂ ತಡವರಿಸಲಿಲ್ಲ. “ಓ ಅದಾ? ಮುಚ್ಚಿಬಿಟ್ರಂತೆ.”

“ಯಾವಾಗ?”

“ಈಗ ಮೊನ್ನೆ ಮೊನ್ನೆ.”

ಅವರು ನನಗೆ ಹೇಳಿ ಆಗ ಎರಡು ದಿನವೂ ಆಗಿರಲಿಲ್ಲ. (ನಮ್ಮ ರಸ್ತೆಗಳ ಗುಂಡಿ ಮುಚ್ಚಿಸಲು ಏನು ಮಾಡಬೇಕು ಎಂದು ಓದುಗರು ಆಗಾಗ ನನಗೆ ಬರೆಯುತ್ತಾರೆ. ಉತ್ತರ ಸಿಕ್ಕಿದೆ. ಗಂಡಸರ ಕೈಲಿ ಫೋನ್ ಮಾಡಿಸಿ.)

ಆಮೇಲೆ ಲಾಡ್ಜ್. ಅದೇ ಮ್ಯಾನೇಜರ್, ಅದೇ ವಿನಯ. “ರೋಡ್ ಸೂಪರ್ ಸಾರ್. ಹೈವೇ ಸಿಕ್ಕಿದ ಮೇಲೆ ನಿದ್ದೆ ಬರುತ್ತೆ, ಅದೊಂದು ನೋಡ್ಕೊಳಿ.” ಓಡಿಸೋದು ಯಾರು ಅಂತ ಕೇಳಲೇ ಇಲ್ಲ. ಕೇಳುವುದೇನಿದೆ? ಗಂಡು ಧ್ವನಿ ಕೇಳಿಸಿತಲ್ಲ.

ಈಗ ಆ ಮುಖ್ಯ ಮಾಹಿತಿ. ನಮ್ಮ ಮೇಷ್ಟ್ರಿಗೆ ಕಾರು ಓಡಿಸಲು ಬರುವುದಿಲ್ಲ. ಅವರದು ಸ್ಕೂಟರ್. ಕಾರಿನಲ್ಲಿ ನನ್ನ ಪಕ್ಕ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುವುದಷ್ಟೇ ಅವರ ಪಾಲಿನ ಡ್ರೈವಿಂಗ್. ದಿನಾ ಜತೆಗೆ ವಾಕಿಂಗ್ ಹೋಗುವ ನಂಜುಂಡಪ್ಪನವರಿಗೆ ಇದು ಚೆನ್ನಾಗಿಯೇ ಗೊತ್ತು. ಆದರೂ ಒಂದು ಕೈಯಲ್ಲಿ ಸ್ಟೇರಿಂಗ್! ಕಾರು ಓಡಿಸಲು ಬರುವ ನನಗೆ ಗುಂಡಿ, ಬಾರದ ಅವರಿಗೆ ಬೆಣ್ಣೆ.

ಶಮೀಮ್ ನಕ್ಕು ನಕ್ಕು ಸೋಫಾದ ಮೇಲೆ ಮಲಗಿಯೇಬಿಟ್ಟಳು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಈ ಜನರ ಮಾತು ಕೇಳಿ ಈದಿನ ದಿನ ಒಬ್ಬ ತಾಯಿಯನ್ನು ಮನೆಯಲ್ಲಿ ಕೂರಿಸಲು ಹೊರಟಿದ್ದೆನಲ್ಲ ಅಂತ ಮೈ ಉರಿಯಿತು.

“ಹಂಗಲ್ಲ ಕಣೇ, ಒಳ್ಳೇದಕ್ಕೇ ಹೇಳಿರ್ತಾರೆ” ಅಂದರು ಮೇಷ್ಟ್ರು.

“ಒಂದೇ ಲೆಕ್ಕಕ್ಕೆ ಎರಡು ಉತ್ತರ ಬರೆದ್ರೆ ನೀವು ಮಾರ್ಕ್ಸ್ ಕೊಡ್ತೀರಾ?”

ಅವರು ಎದ್ದು ಹೋಗಿ ಕಾಫಿ ಲೋಟ ತೊಳೆದಿಟ್ಟರು. ನಮ್ಮ ಮನೆಯಲ್ಲಿ ಅದನ್ನು ಸೋಲೊಪ್ಪಿಕೊಂಡ ಹಾಗೆ ಅಂತ ತಿಳಿಯಬೇಕು.

ಒಳ್ಳೆಯದಕ್ಕೇ ಹೇಳುತ್ತಾರೆ. ನಿಜ. ಯಾರೂ ಕೆಟ್ಟವರಲ್ಲ. ಅಂಗಡಿಯ ಯುಪಿಎಸ್ ರಿಪೇರಿಗೆ ಬಂದವನಿಗೆ ಫೋನ್ ಮಾಡಿ ಕರೆಸಿದವಳು ನಾನು, ಎಲ್ಲಿ ಕೆಟ್ಟಿದೆ ಅಂತ ತೋರಿಸಿದವಳು ನಾನು, ದುಡ್ಡು ಕೊಡುವವಳೂ ನಾನೇ. ಅವನು ಎಲ್ಲ ಬಿಚ್ಚಿ ಹರಡಿಕೊಂಡು ಕೇಳುತ್ತಾನೆ: “ಸಾರ್ ಇಲ್ವಾ ಮೇಡಂ?” ಯಾಕಪ್ಪ? ಸಾರ್ ಬಂದು ಬ್ಯಾಟರಿ ನೆಕ್ಕಿ ನೋಡುತ್ತಾರಾ? ಶಮೀಮ್ ಹೊಸ ಬಾಯ್ಲರ್ ಹಾಕಿಸುವಾಗಲೂ ಹಾಗೇ. ಅದರ ಬಿಸಿ ಎಷ್ಟು, ಆವಿ ಎಷ್ಟು ಅನ್ನುವುದನ್ನೆಲ್ಲ ಕಂಪನಿಯವನು ವಿವರಿಸಿದ್ದು ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದ ನಮ್ಮ ಮೇಷ್ಟ್ರಿಗೆ. ಮೇಷ್ಟ್ರು ತಲೆಯಾಡಿಸಿದರು. ಪಾಪ, ಅವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಇನ್ನೊಂದು ಕಡೆ ನೋಡಿ. ಜಂಗಮಕೋಟೆ ಕಡೆಯ ಹೆಂಗಸರು ಬೆಳಗಾಗುವ ಮೊದಲೇ ಹಿಪ್ಪುನೇರಳೆ ಸೊಪ್ಪು ಕೊಯ್ದು, ಸ್ಕೂಟಿಯ ಹಿಂದೆ ತಮಗಿಂತ ದೊಡ್ಡ ಹೊರೆ ಕಟ್ಟಿಕೊಂಡು, ಕಲ್ಲುಮುಳ್ಳಿನ ದಾರಿಯಲ್ಲಿ ಹುಳುವಿನ ಮನೆಗೆ ಓಡಿಸಿಕೊಂಡು ಹೋಗುತ್ತಾರೆ. ಅವರಿಗೆ ಯಾರಾದರೂ “ಲೇಡೀಸ್ ಹೋಗೋ ರೋಡಲ್ಲ ಇದು” ಅಂದಿದ್ದನ್ನು ಕೇಳಿದ್ದೀರಾ? ಕುಡುಮಲಕುಂಟೆಯ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವ ಹುಡುಗಿಯರಿಗೆ? ದುಡಿಯುವುದಕ್ಕೆ ಹೊರಟರೆ ಯಾವ ರಸ್ತೆಯಾದರೂ ಸರಿ. ಹೆಂಗಸರು ತಮ್ಮ ಖುಷಿಗೆ ಅಂತ ಹೊರಟಾಗ ಮಾತ್ರ ಅದರಲ್ಲಿ ಎಮ್ಮೆ ಬಂದು ಮಲಗುತ್ತದೆ.

ಚಂದ್ರ ಕಂಡ. ಮಸೀದಿಯ ಮೈಕಿನಲ್ಲಿ ಹೇಳಿದರು. ಶಮೀಮ್ ಅವತ್ತೇ ಶಾವಿಗೆ, ಖರ್ಜೂರ, ದ್ರಾಕ್ಷಿ ಎಲ್ಲವನ್ನೂ ತುಪ್ಪದಲ್ಲಿ ಹುರಿದು ಡಬ್ಬಿಗೆ ತುಂಬಿದಳು. ಹಾಲು ಇಲ್ಲಿಂದ ಒಯ್ದರೆ ಆ ಬಿಸಿಲಿಗೆ ಒಡೆದುಹೋಗುತ್ತದೆ, ಕೊನೆಯ ಊರಿನಲ್ಲಿ ಪ್ಯಾಕೆಟ್ ತಗೊಂಡು ಅಲ್ಲೇ ಕಾಯಿಸೋಣ ಅಂತ ಮಾತಾಯಿತು. ಹಬ್ಬದ ಬೆಳಗ್ಗೆ ಅವಳು ನಮಾಜ್ ಮುಗಿಸಿ, ಹೊಸ ಹಸಿರು ಸೀರೆ ಉಟ್ಟು, ಎಡಗಡೆ ಬಾಗಿಲನ್ನು ಎರಡು ಸಲ ಎಳೆದು ಹಾಕಿಕೊಂಡಳು. ಮೇಷ್ಟ್ರಿಗೆ ಮರುದಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ. ಗೇಟಿನಲ್ಲಿ ನಿಂತು ಟಾಟಾ ಮಾಡಿದರು. “ನಿಧಾನ” ಅಂದರು. ನಾನು ಗೇರ್ ಹಾಕುವ ಮೊದಲೇ ಇನ್ನೊಮ್ಮೆ “ನಿಧಾನ” ಅಂದರು.

ಈಗ ರಸ್ತೆಯ ವರದಿ. ನಾನೇ ಕಣ್ಣಾರೆ ಕಂಡಿದ್ದು, ಗಂಡಸರೂ ಹೆಂಗಸರೂ ಇಬ್ಬರೂ ಓದಬಹುದು.

ಇಡೀ ದಾರಿಯಲ್ಲಿ ಅತ್ಯಂತ ಕೆಟ್ಟ ಜಾಗ ನಮ್ಮ ಬೀದಿಯ ಕೊನೆಯ ತಿರುವು. ಪೈಪಿಗೆ ಅಂತ ಅಗೆದು ಬಿಟ್ಟಿದ್ದಾರೆ. ಅದರ ಬಗ್ಗೆ ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಮದನಪಲ್ಲಿವರೆಗೆ ಟೊಮೆಟೊ ಲಾರಿಗಳು ಜತೆ ಕೊಟ್ಟವು. ಪೀಲೇರು ಹತ್ತಿರ ಇಬ್ಬರೂ ಕಣ್ಣು ಕೀಲಿಸಿ ನೋಡಿದೆವು. ಒಂದು ಎಮ್ಮೆ ಕಂಡಿತು, ಗುಂಡಿ ಕಾಣಲಿಲ್ಲ. ಎಮ್ಮೆಯೂ ನಿಂತೇ ಇತ್ತು. ಮುಂದೆ ಎಲ್ಲೋ ಒಂದು ಕಡೆ ಸೇತುವೆ ಕೆಲಸ, ಪಕ್ಕದಲ್ಲಿ ಇಳಿದು ಹತ್ತಿದೆವು. ಉಳಿದಂತೆ, ನಿಜ ಹೇಳಬೇಕೆಂದರೆ, ಲಾಡ್ಜಿನ ಮ್ಯಾನೇಜರ್ ಮೇಷ್ಟ್ರಿಗೆ ಹೇಳಿದ್ದೇ ಸರಿ. ನಿದ್ದೆ ಬರುವ ರಸ್ತೆ.

ಕೊನೆಯ ಊರಿನಲ್ಲಿ ಹಾಲಿನ ಪ್ಯಾಕೆಟ್ ತಗೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೈವೇ ಬಿಟ್ಟು ಒಳಗೆ ತಿರುಗಿದೆವು. ಎರಡೂ ಕಡೆ ಉಪ್ಪಿನ ಬಯಲು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ರಸ್ತೆ ಸಣ್ಣದಾಯಿತು, ಆಮೇಲೆ ಮಣ್ಣಾಯಿತು, ಆಮೇಲೆ ನೀರಿನೊಳಗೆ ಇಳಿದುಹೋಯಿತು. ನಾನು ಬ್ರೇಕ್ ಹಾಕಿದೆ.

ಎದುರಿಗೆ ಬೂದುಬಣ್ಣದ ನೀರು. ಅದರ ಆಚೆ ಹಳ್ಳಿಯ ಮನೆಗಳು ಕಾಣುತ್ತಿದ್ದವು. ಮೊಬೈಲಿನ ನೀಲಿ ಗೆರೆ ಮಾತ್ರ ಏನೂ ಆಗಿಲ್ಲವೆಂಬಂತೆ ನೀರಿನ ಮೇಲೇ ನೆಟ್ಟಗೆ ಹೋಗಿತ್ತು. ಸಿಗ್ನಲ್ ಇರಲಿಲ್ಲ. ಇಷ್ಟು ಜನ ಇಷ್ಟು ದಿನ ರಸ್ತೆ ಬಗ್ಗೆ ಹೇಳಿದರಲ್ಲ, ಒಬ್ಬರಾದರೂ ಈ ನೀರಿನ ಸುದ್ದಿ ಎತ್ತಿದ್ದರಾ? ಶಮೀಮ್ ಮಡಿಲಲ್ಲಿದ್ದ ಹಾಲಿನ ಪ್ಯಾಕೆಟ್ಟುಗಳನ್ನು ಮುಟ್ಟಿ ನೋಡಿದಳು.

“ಬೆಚ್ಚಗಾಗ್ತಾ ಇದಾವೆ ಸುಮಕ್ಕಾ.”

ಮಗಳು ಕಣ್ಣಳತೆಯಲ್ಲೇ ಇದ್ದಳು. ಹಿಂದೆ ತಿರುಗಿಸಿಕೊಂಡು ಹೋದರೆ ಊರಿನಲ್ಲಿ ಎಲ್ಲರೂ ಏನನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅದೂ ಮುಖ್ಯ ಅನ್ನಿಸಲಿಲ್ಲ. ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತವಳ ಮುಖ ನೋಡಲು ಆಗುತ್ತಿರಲಿಲ್ಲ.

ಆಗ ಸೀಗಡಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಹೆಂಗಸು ಹಿಂದಿನಿಂದ ನಡೆದುಬಂದಳು. ಒಳ್ಳೆ ಎತ್ತರದ ಹೆಂಗಸು. ನಾನು ತೆಲುಗಿನಲ್ಲಿ ಕೇಳಿದೆ, ಅಮ್ಮಾ, ರಸ್ತೆ ಹೇಗಿದೆ ಅಂತ. ಕೇಳಿ, ಬರಬೇಕಾದ ಪ್ರಶ್ನೆಗೆ ಸಿದ್ಧಳಾಗಿ ಕೂತೆ.

ಅವಳು ನನ್ನ ಮುಖ ನೋಡಲಿಲ್ಲ. ಬುಟ್ಟಿ ಇಳಿಸಿ, ಬಗ್ಗಿ, ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಕೈ ಇಟ್ಟು ಅಳೆದಳು.

“ಈ ಬಂಡಿ ಹೋಗಲ್ಲಮ್ಮ. ತೀರಾ ತಗ್ಗು. ಗಾಳಿ ಈ ಕಡೆ ಬೀಸಿದ್ರೆ ನೀರೂ ಈ ಕಡೆ ಬರುತ್ತೆ. ಸಂಜೆಗೆ ಗಾಳಿ ತಿರುಗಿದ್ರೆ ಹೋಗ್ಬೋದು. ಟ್ರ್ಯಾಕ್ಟರ್ ಆದ್ರೆ ಈಗ್ಲೇ ಹೋಗ್ಬೋದಿತ್ತು.”

ಅವಳು ನೋಡಿದ್ದೂ ಗಾಡಿಯನ್ನು, ಹೇಳಿದ್ದೂ ಗಾಡಿಯ ವಿಷಯ. ಅಷ್ಟು ದಿನಗಳಲ್ಲಿ ನನಗೆ ಸಿಕ್ಕ ಮೊದಲ ರಸ್ತೆ ವರದಿ ಅದು. ಹೋಗಲ್ಲ ಅಂದಿದ್ದಕ್ಕೆ ಬೇಜಾರಾಗಲಿಲ್ಲ, ಅವಳನ್ನು ತಬ್ಬಿಕೊಳ್ಳೋಣ ಅನ್ನಿಸಿತು.

“ನಡ್ಕೊಂಡು?” ಅಂತ ಕೇಳಿದಳು ಶಮೀಮ್.

“ಓ, ನಡ್ಕೊಂಡು ಹೋಗ್ಬೋದು. ನಾನು ಹೋಗ್ತಾ ಇಲ್ವಾ? ಮೀನಖಂಡದವರೆಗೆ ಬರುತ್ತೆ, ಅಷ್ಟೇ.”

ಸಂಜೆಯವರೆಗೆ ಹಾಲು ಉಳಿಯುವುದಿಲ್ಲ. ಶಮೀಮ್ ಆಗಲೇ ಚಪ್ಪಲಿ ಬಿಟ್ಟಿದ್ದಳು. ಹಬ್ಬದ ಹಸಿರು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯನ್ನು ತಲೆ ಮೇಲಿಟ್ಟುಕೊಂಡಳು. ಹಾಲು ನನ್ನ ಕೈಗೆ ಬಂತು. ಕಾರಿಗೆ ಬೀಗ ಹಾಕಿ ನಾನೂ ಇಳಿದೆ. ಕೆಳಗಿನ ಕೆಸರು ಮೆತ್ತಗೆ, ಬೆಚ್ಚಗೆ ಇತ್ತು. ನೀರು ಮೀನಖಂಡ ದಾಟಿ, ಮೊಣಕಾಲು ದಾಟಿ, ಇನ್ನೂ ಮೇಲೆ ಬಂತು.

“ಸುಮಕ್ಕಾ, ಇವಳೂ ಸುಳ್ಳು ಹೇಳಿದ್ಲಲ್ಲೇ!” ಅಂತ ಕೂಗಿದಳು ಶಮೀಮ್.

ಸುಳ್ಳಲ್ಲ. ಅವಳ ಮೀನಖಂಡ ಎಂದರೆ ನಮ್ಮ ತೊಡೆ. ಎಲ್ಲರೂ ರಸ್ತೆಯನ್ನು ತಮ್ಮ ಕಾಲಿನಿಂದಲೇ ಅಳೆಯುವುದು. ಆದರೆ ಇವಳು ಕಡೇ ಪಕ್ಷ ಆ ನೀರಿಗೆ ಕಾಲಿಟ್ಟಿದ್ದಳು. ನಡುನೀರಿನಲ್ಲಿ ನಿಂತು ನಾವಿಬ್ಬರೂ ನಕ್ಕೆವು. ಮುಂದೆ ಹೋಗುತ್ತಿದ್ದವಳು ತಿರುಗಿ ನೋಡಿ, ಏನೂ ಅರ್ಥವಾಗದೆ ತಾನೂ ನಕ್ಕಳು.

ಹಳ್ಳಿಯ ಆಚೆ ದಿಬ್ಬದ ಮೇಲೆ, ದೊಡ್ಡ ಟೋಪಿ ಹಾಕಿಕೊಂಡು, ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು ನಾಜಿಯಾ ಕೂತಿದ್ದಳು. ಅವಳ ಮುಂದೆ ದೂರದಲ್ಲಿ ನೀರಿನ ಮೇಲೆ ಉದ್ದಕ್ಕೂ ತೆಳು ಗುಲಾಬಿ ಬಣ್ಣ. ಅಷ್ಟೂ ಹಕ್ಕಿಗಳು ಅಂತ ನನಗೆ ಹೊಳೆಯಲು ಹೊತ್ತು ಹಿಡಿಯಿತು. ಶಮೀಮ್ “ನಾಜೀ” ಅಂದಳು. ಹುಡುಗಿ ತಿರುಗಲಿಲ್ಲ. ಸುಮ್ಮನಿರಿ ಅನ್ನುವ ಹಾಗೆ ಅಂಗೈ ಹಿಂದಕ್ಕೆ ಎತ್ತಿದಳು. ಎಣಿಕೆ ಅರ್ಧದಲ್ಲಿತ್ತು.

ಶಮೀಮ್ ನಿಂತಳು. ಸೀರೆಯಿಂದ ನೀರು ಸೋರುತ್ತಿತ್ತು, ಡಬ್ಬಿ ತಲೆಯ ಮೇಲೇ ಇತ್ತು. ಮಾರುಕಟ್ಟೆಯಲ್ಲಿ ಯಾರಿಗೂ ಕಾಯದ ಹೆಂಗಸು ಮಗಳ ಎಣಿಕೆ ಮುಗಿಯಲಿ ಅಂತ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಅಳು ಬಂತು. ಅಷ್ಟು ಹೆಮ್ಮೆ ಇತ್ತು ಆ ಮುಖದಲ್ಲಿ.

ಕೊನೆಗೆ ನಾಜಿಯಾ ಏನೋ ಬರೆದುಕೊಂಡು ತಿರುಗಿದಳು. “ಅಮ್ಮೀ?” ಅಂದಳು. ಓಡಿಬಂದು ಅವ್ವನ ಒದ್ದೆ ಹೆಗಲಿಗೆ ಮುಖ ಒತ್ತಿದಳು. ಅವಳು ಬಿಕ್ಕುವುದು ನನಗೂ ಕೇಳಿಸಿತು. ‘ಪರವಾಗಿಲ್ಲ’ ಅನ್ನುವ ಮಾತಿನೊಳಗೆ ಇದ್ದದ್ದು ಇದೇ. ಶಮೀಮ್ ಅದನ್ನು ಫೋನಿನಲ್ಲೇ ಕೇಳಿಸಿಕೊಂಡಿದ್ದಳು.

ಅಳು ನಿಂತ ಮೇಲೆ ಹುಡುಗಿ ಕೇಳಿದ ಮೊದಲ ಪ್ರಶ್ನೆ: “ಯಾರು ಕರ್ಕೊಂಡ್ ಬಂದ್ರು? ಮಾಮೂನಾ?” (ಮಾಮೂ ಅಂದರೆ ಅದೇ ಭಾಯಿಜಾನ್.)

ಎಂಎಸ್ಸಿ ಓದಿದ ಹುಡುಗಿ. ಒಬ್ಬಳೇ ಕೊಳದ ಮಧ್ಯೆ ಇರುವವಳು. ಅವಳೂ! ಶಮೀಮ್ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ.

ಅವಳಿದ್ದ ಮನೆಯ ಒಲೆಯ ಮೇಲೆ ಹಾಲು ಕಾಯಿಸಿದೆವು. ಒಂದು ಪ್ಯಾಕೆಟ್ ಒಡೆಯಿತು, ಉಳಿದವು ನಿಂತವು. ಸೀಗಡಿ ಬುಟ್ಟಿಯ ಹೆಂಗಸಿಗೂ ಒಂದು ಲೋಟ ಶೀರ್ ಖುರ್ಮಾ ಹೋಯಿತು. ನಾಜಿಯಾ ಪಾತ್ರೆಯ ತಳದಲ್ಲಿ ಅಂಟಿದ್ದನ್ನೂ ಚಮಚದಲ್ಲಿ ಕೆರೆದು ತಿಂದಳು. ಶಮೀಮ್ ಕೂತು ಅದನ್ನೇ ನೋಡಿದಳು. ಅವಳು ಹಕ್ಕಿಗಳ ಕಡೆ ಕಣ್ಣೆತ್ತಿ ನೋಡಿದ್ದು ಆಮೇಲೆಯೇ. “ಚೆನ್ನಾಗಿದಾವೆ” ಅಂದಳು, ಬೇರೆಯವರ ಲಾಟಿನ ಗೂಡು ನೋಡಿ ಹೇಳುವ ಹಾಗೆ.

ಸಂಜೆ ಗಾಳಿ ತಿರುಗಿತು. ರಾತ್ರಿ ಅಲ್ಲೇ ಮಲಗಿ, ಮರುದಿನ ನಿದ್ದೆ ಬರುವ ರಸ್ತೆಯಲ್ಲೇ ಊರಿಗೆ ಬಂದೆವು.

ಮೊನ್ನೆ ನಂಜುಂಡಪ್ಪನವರು ಅಂಗಡಿಗೆ ಬಂದಿದ್ದರು. ಈ ಸಲ ಆಧಾರ್ ತಂದಿರಲಿಲ್ಲ. ಸ್ವಲ್ಪ ಹೊತ್ತು ಪೆನ್ನುಗಳನ್ನು ಎತ್ತಿ ಇಟ್ಟು ಮಾಡಿದರು. ಮಗ ಹೊಸ ಕಾರು ತಗೊಂಡಿದ್ದಾನಂತೆ, ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಅದೇ ಪುಲಿಕಾಟಿಗೆ ಹೋಗಿಬರುವ ಯೋಚನೆ.

“ಮೇಡಂ, ಆ ರೋಡು ಹೆಂಗೈತೆ?”

“ನೀವು ನೋಡಿರೋ ರೋಡಲ್ವಾ ಸಾರ್?”

“ನಾನೆಲ್ಲಿ ಮೇಡಂ? ತಿರುಪತಿವರೆಗೆ ಹೋಗಿದ್ದೆ. ಅದೂ ಬಸ್ಸಲ್ಲಿ, ಕಿಟಕಿ ಪಕ್ಕ ಸೀಟು ಸಿಕ್ಕಿರ್ಲಿಲ್ಲ.”

ನಾನು ಜೆರಾಕ್ಸ್ ಮೆಷಿನ್ ಆಫ್ ಮಾಡಿದೆ. ಸ್ಟೂಲ್ ಎಳೆದು ಅವರನ್ನು ಕೂರಿಸಿದೆ. ಆಮೇಲೆ ಬಹಳ ವಿನಯದಿಂದ ಕೇಳಿದೆ:

“ಗಾಡಿ ಓಡಿಸೋದು ಯಾರು ಸಾರ್?”